ಮೂವತ್ತೇಳು ಡಿಗ್ರಿ

ಮೂವತ್ತೇಳು ಡಿಗ್ರಿ! ಕೋನಾಚಾರ್ಯರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ನಿನ್ನೆ ಸಂಜೆ ಸೊನ್ನೆಗೆ ಬಿಟ್ಟುಹೋಗಿದ್ದ ಕೋನ ಬೆಳಗಾಗುವಷ್ಟರಲ್ಲಿ ಮೂವತ್ತೇಳಕ್ಕೆ ಬಂದು ಕೂತಿತ್ತು. ಮೊನ್ನೆ ಹನ್ನೊಂದು. ಅದರ ಹಿಂದಿನ ದಿನ ಅರವತ್ತನಾಲ್ಕು. ತಾನಾಗಿ ತಿರುಗುವುದಕ್ಕೆ ಅದೇನು ಫ್ಯಾನೇ?

ವಿಷಯ ಇಷ್ಟೇ. ಅದು ಕಾರ್ಟೂನ್ ಚಿತ್ರಗಳಿಗೆ ಹಿನ್ನೆಲೆ ಬರೆಯುವ ಸ್ಟುಡಿಯೋ. ಅಲ್ಲಿ ಬಣ್ಣ, ಬ್ರಷ್ಷು ಎಲ್ಲ ಕಂಪ್ಯೂಟರಿನೊಳಗೆ. ಬಳಿದ ಬಣ್ಣಕ್ಕೆ ಗಾರೆಯಂಥ, ಗೋಣಿಯಂಥ ಒರಟುತನ ಬರಲೆಂದು ಅದರ ಮೇಲೊಂದು ನಮೂನೆ ಹಾಕುತ್ತಾರೆ. ಹಾಕಿ ಸುಮ್ಮನೆ ಬಿಟ್ಟರೆ ಗೋಡೆ, ಬಂಡೆ, ಮೋಡ ಮೂರೂ ಒಂದೇ ಚಾಪೆಯಿಂದ ಕತ್ತರಿಸಿದ ಹಾಗೆ ಕಾಣುತ್ತವೆ. ಮೇಜಿನ ಮೇಲಿನ ಪುಟ್ಟ ಗುಂಡಿ ತಿರುಗಿಸಿದರೆ ಪರದೆಯ ಮೇಲಿನ ನಮೂನೆಯೂ ತಿರುಗುತ್ತದೆ. ಸರಿಯಾದ ಕೋನ ಸಿಕ್ಕರೆ ಬಂಡೆ ಬಂಡೆಯಾಗುತ್ತದೆ, ಮೋಡ ಮೋಡವಾಗುತ್ತದೆ. ಆ ಕೋನ ಹುಡುಕುವ ಉಸಾಬರಿಗೆ ನಮ್ಮ ಆಚಾರ್ಯರು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೋದವರಲ್ಲ.

ಹಾಗಿದ್ದರೂ ಮೂರು ತಿಂಗಳಿಂದ ಅವರ ಚಿತ್ರಗಳಿಗೆ ಹೊಗಳಿಕೆಯೋ ಹೊಗಳಿಕೆ. ಸ್ಟುಡಿಯೋದ ಯಜಮಾನಿ ಮೊದಲ ಸಲ "ಈ ಕೋನ ಹೇಗೆ ಹಿಡಿದ್ರಿ?" ಎಂದು ಕೇಳಿದಾಗ ಅವರಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯದ್ದನ್ನು ಒಪ್ಪಿಕೊಳ್ಳುವ ಅಭ್ಯಾಸ ಇಲ್ಲದ್ದರಿಂದ "ಸಾಧನೆ ಮೇಡಂ" ಎಂದುಬಿಟ್ಟರು. ಆಮೇಲೆ 'ಕೋನ ಮತ್ತು ಅಂತರಂಗ' ಎಂದು ಎರಡು ಉಪನ್ಯಾಸವನ್ನೂ ಬಿಗಿದರು. ಕೋನಾಚಾರ್ಯರು ಎಂಬ ಹೆಸರು ಅಂಟಿದ್ದು ಆಗಲೇ. ಬೆನ್ನ ಹಿಂದೆ ಕೆಲವರು ಅದರ 'ನ'ವನ್ನು 'ಣ' ಮಾಡಿಕೊಂಡು ಕರೆಯುತ್ತಿದ್ದುದು ಬೇರೆ ಮಾತು.

ಈಗ ಮುಖ್ಯ ಕಲಾವಿದರ ಕುರ್ಚಿ ಖಾಲಿಯಾಗಿತ್ತು. ಶುಕ್ರವಾರ ತೀರ್ಮಾನ. ಕಣದಲ್ಲಿ ಇಬ್ಬರೇ: ಕೋನಾಚಾರ್ಯರು, ಪಕ್ಕದ ಮೇಜಿನ ಬಣ್ಣದಕ್ಕ. ಕೋನ ತಿರುಗಿಸುತ್ತಿರುವವಳು ಅವಳೇ ಎಂಬುದರಲ್ಲಿ ಆಚಾರ್ಯರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೂರು ತಿಂಗಳು ಗುಟ್ಟಾಗಿ ತಿರುಗಿಸಿ, ಕೊನೆಯ ದಿನ "ಅದೆಲ್ಲ ನಂದು" ಎಂದು ಎದ್ದು ನಿಲ್ಲುವ ಹುನ್ನಾರ! ಪುರಾವೆಯೂ ಇತ್ತು. ಹೋದ ತಿಂಗಳು ಆಫೀಸಿನ ಅರ್ಧ ಜನ ಜ್ವರ ಬಂದು ಮಲಗಿದಾಗ ಬಣ್ಣದಕ್ಕನೂ ನಾಲ್ಕು ದಿನ ಬರಲಿಲ್ಲ. ಆ ನಾಲ್ಕು ದಿನ ಕೋನ ಸೊನ್ನೆಯಿಂದ ಕದಲಲಿಲ್ಲ. ಮೇಜಿನ ತುಂಬ ಒಣಗಿದ ಕಾಫಿ ಕಲೆಗಳ ನಡುವೆ ಕೂತು ಅವರು ಇದನ್ನೆಲ್ಲ ಗಮನಿಸಿದ್ದರು.

"ಏನಮ್ಮಾ, ಬೆಳಿಗ್ಗೆ ಬೇಗ ಬರ್ತೀಯಂತೆ?" ಎಂದು ಗುರುವಾರ ಕೆದಕಿದರು.

"ಬೇಗ ಬಂದ್ರೆ ಇಲ್ಲಿ ಏನು ಸಿಗುತ್ತೆ ಸರ್?" ಅಂದಳು ಬಣ್ಣದಕ್ಕ. "ಅಂದ ಹಾಗೆ, ನಿಮ್ಮ ಬಂಡೆ ತುಂಬಾ ಚೆನ್ನಾಗಿ ಬಂದಿದೆ. ನೀವೇ ಮಾಡಿದ್ದು ಅಂದ್ರೆ ನಂಬೋಕಾಗಲ್ಲ."

ಆಚಾರ್ಯರು ತಟ್ಟನೆ ಪರದೆಯತ್ತ ಮುಖ ತಿರುಗಿಸಿದರು. ಅಷ್ಟರಲ್ಲಿ ಲೋಟ ಒಯ್ಯಲು ಬಂದ ಕೆಲಸದ ಆಯಮ್ಮ ಪರದೆಯತ್ತ ಕತ್ತು ಚಾಚಿದಳು. "ಈ ಮೋಡ ಮುಗೀತಾ ಸಾರ್?"

"ನಿನಗ್ಯಾಕಮ್ಮ ಮೋಡದ ಚಿಂತೆ? ಮುಗೀತು, ಹೋಗು."

"ಹಾಗಾದ್ರೆ ಸರಿ," ಎಂದು ಅವಳು ಲೋಟ ಎತ್ತಿಕೊಂಡು ಹೊರಟಳು.

ಅಂದು ಸಂಜೆ ಆಚಾರ್ಯರು ತಮ್ಮ ಹಳೆಯ ಮೊಬೈಲನ್ನು ಪೆನ್ನುಗಳ ಡಬ್ಬಿಯಲ್ಲಿ ಅಡಗಿಸಿ, ಬೆಳಿಗ್ಗೆ ಆರಕ್ಕೆ ತಾನಾಗಿ ಚಿತ್ರೀಕರಣ ಶುರುವಾಗುವಂತೆ ಮಾಡಿ ಮನೆಗೆ ಹೋದರು. ಹೆಂಡತಿ "ಏನ್ರೀ ಇವತ್ತು ಇಷ್ಟು ಖುಷಿ?" ಎಂದಳು. "ನಾಳೆ ನೋಡು" ಎಂದು ಮೀಸೆಯ ಮೇಲೆ ಕೈಯಾಡಿಸಿದರು.

ಶುಕ್ರವಾರ ಎಲ್ಲರೂ ಸಭೆಯಲ್ಲಿ ಸೇರಿದ್ದಾಗ ಮೊಬೈಲನ್ನು ಯಜಮಾನಿಯ ಮುಂದಿಟ್ಟರು. "ನಾನಿನ್ನೂ ಇದನ್ನ ತೆರೆದು ನೋಡಿಲ್ಲ ಮೇಡಂ. ನೋಡಿದ್ರೆ ಏನೋ ತಿದ್ದಿದ್ದಾನೆ ಅಂತಾರೆ. ನೀವೇ ಹಾಕಿ."

"ಏನಿದು?"

"ಕಳ್ಳತನ. ನನ್ನ ಕೋನಗಳ ಗುಟ್ಟು ಕದಿಯೋಕೆ ಯಾರೋ ದಿನಾ ನನ್ನ ಗುಂಡಿ ಮುಟ್ತಿದ್ದಾರೆ." ಬಣ್ಣದಕ್ಕನನ್ನು ಕಣ್ಣಲ್ಲೇ ಸುಟ್ಟರು. "ಈ ಇಡೀ ಸ್ಟುಡಿಯೋದಲ್ಲಿ ಕೋನ ಗೊತ್ತಿರೋ ಕೈ ಒಂದೇ ಒಂದು ಮೇಡಂ. ಬಾಕಿಯವರೆಲ್ಲ ಅದರ ನೆರಳಲ್ಲಿ ಹೊಟ್ಟೆ ಹೊರೆಯೋರು. ಇವತ್ತು ಎಲ್ಲರ ಎದುರಿಗೇ ತೀರ್ಮಾನ ಆಗಿಬಿಡಲಿ."

"ಆಗಲಿ ಬಿಡಿ," ಎಂದು ಬಣ್ಣದಕ್ಕ ಕೈಕಟ್ಟಿ ಕೂತಳು.

ಗೋಡೆಯ ದೊಡ್ಡ ಪರದೆಯ ಮೇಲೆ ಆಚಾರ್ಯರ ಮೇಜು ಮೂಡಿತು. ಆಚೆ ಕಂಪ್ಯೂಟರಿನಲ್ಲಿ ನಿನ್ನೆಯ ಮೋಡ, ಸೊನ್ನೆ ಡಿಗ್ರಿಯಲ್ಲಿ, ಚಾಪೆಯ ತುಂಡಿನಂತೆ ನೇತುಬಿದ್ದಿತ್ತು. ಯಜಮಾನಿ ಚಿತ್ರೀಕರಣವನ್ನು ಮುಂದಕ್ಕೆ ಓಡಿಸಿದರು. ಆರೂವರೆಗೆ ಬಾಗಿಲು ಕಿರುಗುಟ್ಟಿತು. ಚಪ್ಪಲಿಯ ಸದ್ದು ಹತ್ತಿರವಾಯಿತು. "ನೋಡಿ, ಬಂದಳು!" ಎಂದು ಆಚಾರ್ಯರು ಕುರ್ಚಿಯಿಂದ ಅರ್ಧ ಎದ್ದರು.

ಬಂದದ್ದು ಒಂದು ಒದ್ದೆ ಬಟ್ಟೆ, ಅದರ ಹಿಂದೆ ಆಯಮ್ಮ. ಮೇಜು ಒರೆಸಿ, ಕೈ ಒರೆಸಿಕೊಂಡು, ಸಾವಕಾಶವಾಗಿ ಗುಂಡಿ ತಿರುಗಿಸಿದಳು. "ಊಹೂಂ" ಎಂದು ತುಸು ಹಿಂದಕ್ಕೆ ತಂದಳು. ಎರಡು ಹೆಜ್ಜೆ ಸರಿದು ತಲೆ ಓರೆ ಮಾಡಿ ನೋಡಿದಳು; ಮರಳಿ ಬಂದು ಕೂದಲೆಳೆಯಷ್ಟು ಮುಂದಕ್ಕೆ ಸರಿಸಿದಳು. ಮೋಡ ಮೋಡವಾಯಿತು. ಯಜಮಾನಿ ನಿಧಾನವಾಗಿ ಆಚಾರ್ಯರತ್ತ ತಿರುಗಿದರು. ಅವರು ಅರ್ಧ ಎದ್ದವರು ಎದ್ದ ಹಾಗೇ ಉಳಿದಿದ್ದರು.

"ಒಂದೇ ಕಡೆ ಎಳೆದ್ರೆ ಗೆರೆ ಕಾಣುತ್ತೆ ಅಂತ ನೆಲ ಒರೆಸೋ ನನಗೇ ಗೊತ್ತು," ಎಂದು ಪರದೆಯ ಮೇಲಿನ ಆಯಮ್ಮ ಬಟ್ಟೆ ಹಿಂಡುತ್ತ ಗೊಣಗಿದಳು, "ಈ ಸಾರ್‌ಗೆ ಯಾವಾಗ ಗೊತ್ತಾಗುತ್ತೋ!"