ಟೀ ಅಂಗಡಿ ನೋಡುವ ಅಂಪೈರ್

ಕೊನೆಯ ಬಾಲ್. ಬಾಡಿಗೆಯವರ ಟೀಮಿಗೆ ಬೇಕಿದ್ದದ್ದು ಒಂದೇ ರನ್ನು. ಯಾದಗಿರಿಯಿಂದ ಬಂದ ಗಾರೆ ಕೆಲಸದ ರೇವಣಸಿದ್ದ ಬ್ಯಾಟು ಹಿಡಿದು ನಿಂತಿದ್ದರೆ, ಅಂಪೈರ್ ಗೋಪಾಲಪ್ಪ ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ ರಸ್ತೆಯಾಚೆಯ ಟೀ ಅಂಗಡಿ ನೋಡುತ್ತಿದ್ದ.

ಆಟ ನಡೆಯುತ್ತಿದ್ದ ಕುಂದಲಹಳ್ಳಿಯ ಆ ಖಾಲಿ ಸೈಟೂ, ಬಾಡಿಗೆಯವರಿದ್ದ ಮನೆಗಳೂ ಗೋಪಾಲಪ್ಪನವು. ಹಾಗಾಗಿ ಅಂಪೈರ್ ಟೋಪಿಯೂ ಅವನದೇ. ಆದರೆ ಹೋದ ವರ್ಷದಿಂದ ಎರಡೂ ಕಣ್ಣಿನ ನಡುಭಾಗ ಕೈಕೊಟ್ಟಿತ್ತು. ಎದುರಿಗಿದ್ದದ್ದು ಬರೀ ಮಂಜು, ಅಂಚಿನಲ್ಲಿದ್ದದ್ದು ಮಾತ್ರ ಕಾಣುತ್ತಿತ್ತು. ಓನರ್ ಟೀಮಿನ ಕ್ಯಾಪ್ಟನ್ನಾದ ಮಗ ನಂದೀಶ್ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ: "ಇವತ್ತೊಂದು ತಪ್ಪು ತೀರ್ಪು ಕೊಟ್ರೆ ಟೋಪಿ ಬಿಚ್ಚಿಡ್ಬೇಕು ಕಣಪ್ಪಾ. ಜನ ನಗ್ತಾರೆ." ಮನೆಯ ಯಜಮಾನಿಕೆಯೆಲ್ಲ ಮಗನಿಗೆ ಬಿಟ್ಟುಕೊಟ್ಟಿದ್ದ ಗೋಪಾಲಪ್ಪನಿಗೆ ಉಳಿದಿದ್ದ ಅಧಿಕಾರ ಅದೊಂದೇ. ಅದೂ ಹೋದರೆ ಭಾನುವಾರ ಕಳೆಯುವುದು ಹೇಗೆ?

ರೇವಣಸಿದ್ದ ಬೀಸಿದ. ಚೆಂಡು ಹೋದ ಕಡೆಗೆ ಗೋಪಾಲಪ್ಪನ ಕತ್ತೂ ತಿರುಗಿತು, ಆದರೆ ಮೂಗಿನ ನೇರ ಮಾತ್ರ ಚೆಂಡಿನಿಂದ ಮಾರು ದೂರಕ್ಕೇ ಇತ್ತು. ನಂದೀಶ್ ಹಾರಿದ. ಚೆಂಡು ನೆಲಕ್ಕೆ ಬಿದ್ದು ಪುಟಿಯಿತು, ಅವನು ಬಾಚಿಕೊಂಡ. ಒಮ್ಮೆ ಅಪ್ಪನನ್ನು ನೋಡಿದ. ಅಪ್ಪನ ನೋಟ ಇನ್ನೂ ಬೇರೆ ಕಡೆ. ಧೈರ್ಯ ಬಂದು ಕೈಯೆತ್ತಿದ. "ಔಟ್!"

"ನಾಟೌಟ್," ಎಂದ ಗೋಪಾಲಪ್ಪ.

"ಏನಪ್ಪಾ ಇದು! ನೀನು ಎಲ್ಲೋ ನೋಡ್ತಿದ್ದೆ!"

"ಅದುಕ್ಕೇ ಕಣ್ಲಾ ಕಾಣ್ತು. ನೆಲದಿಂದ ಬಾಚ್ಕೊಂಡೆ. ಮೊದ್ಲು ನನ್ ಕಡೆ ನೋಡ್ದೆ, ಆಮ್ಯಾಕೆ ಕೈ ಎತ್ದೆ."

ಅಷ್ಟರಲ್ಲಿ ರನ್ನು ಓಡಿ ಮುಗಿಸಿದ್ದ ರೇವಣಸಿದ್ದ ಬಂದು ಕೈಮುಗಿದ. "ಖರೇ ಅದರೀ ಯಜಮಾನ್ರ. ಆದ್ರ ಗೆದ್ದೀವಂತ ಮನಿ ಖಾಲಿ ಮಾಡಸ್ಬ್ಯಾಡ್ರಿ ಮತ್ತ."

ನಂದೀಶ್ ದಾಪುಗಾಲು ಹಾಕಿ ಬಂದು ಅಪ್ಪನ ಎದುರಿಗೇ ನಿಂತ. "ಅಲ್ಲೆಲ್ಲೋ ನೋಡ್ಕೊಂಡಲ್ಲ. ನನ್ ಮುಖ ನೆಟ್ಟಗೆ ನೋಡ್ಕೊಂಡು ಹೇಳು."

ಗೋಪಾಲಪ್ಪ ಟೋಪಿ ಒತ್ತಿ ಕೂರಿಸಿಕೊಂಡು ಮೆಲ್ಲಗೆ ಮಗನ ಕಡೆ ತಿರುಗಿದ. ಮಗನ ಮುಖವಿದ್ದ ಜಾಗದಲ್ಲಿ ಬೂದಿಬಣ್ಣದ ಮಂಜಷ್ಟೇ ಉಳಿಯಿತು.

"ಬೇಕಾದ್ರೆ ಈಗ ಔಟ್ ಕೊಡ್ತೀನಿ ಕಣ್ಲಾ," ಎಂದ. "ಈಗ ನಂಗೇನೂ ಕಾಣಾಕಿಲ್ಲ."