ಯಾರ ಕೈಕೆಲಸ

ಕನ್ನಡ ಶಾಲೆಯ ಮೆಹರುನ್ನಿಸಾ ಅಕ್ಕೋರ ಹೊಸ ಮನೆಯ ಬಚ್ಚಲಗೋಡೆಯಲ್ಲಿ ನೀರು ಜಿನುಗಿ, ಪಕ್ಕದ ಕೋಣೆಯ ಬಣ್ಣವೆಲ್ಲ ಎದ್ದು ಬಂದಿತ್ತು. ಗೋಡೆಗೆ ಹಚ್ಚಿದ್ದ ಇಳಕಲ್ಲಿನ ಕೆಂಪು ಗ್ರಾನೈಟ್ ಒಡೆಯದೆ ಬೇರೆ ದಾರಿಯಿರಲಿಲ್ಲ. ಅಮಸಿದ್ದಪ್ಪ ಉಳಿ, ಸುತ್ತಿಗೆ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ಮನೆಯ ನಳದ ಕೆಲಸ ಗುತ್ತಿಗೆ ಹಿಡಿದವನು ಅವನ ಅಣ್ಣನ ಮಗ ಬೀರೇಶ. ಅವನು ಅಕ್ಕೋರ ಎದುರು ಕೈಕಟ್ಟಿ ನಿಂತಿದ್ದ.

“ಐಟಿಐ ಸರ್ಟಿಫಿಕೇಟ್ ನೋಡೇ ನಿನಗ ಕೆಲಸ ಕೊಟ್ಟಿದ್ದೆ. ಈಗ ಮಹಡಿ ಮ್ಯಾಲಿಂದು ಹೆಂಗ ಕೊಡ್ಲಿ?”

ಮೇಲೆ ಮೂರು ಬಾಡಿಗೆ ಮನೆಗಳ ಪೈಪಿನ ಕೆಲಸವಿತ್ತು. ಅದು ಕೈತಪ್ಪಿದರೆ ಬೀರೇಶ ಮತ್ತೆ ಕಂಡವರ ಮನೆಯ ನಳದ ವಾಶರ್ ಬದಲಿಸುತ್ತ ತಿರುಗಬೇಕು.

“ಈ ಕಡೇದು ಕಾಕಾ ಮಾಡಿದ್ದರಿ ಅಕ್ಕೋರ,” ಎಂದುಬಿಟ್ಟ. “ಅವಾ ಸಾಲಿ ಕಲತಾವಲ್ರಿ. ರೂಢಿ ಮ್ಯಾಲೆ ಮಾಡ್ತಾನ.”

ಸುತ್ತಿಗೆ ಒಂದು ಕ್ಷಣ ನಿಂತು, ಮತ್ತೆ ಬಡಿಯತೊಡಗಿತು. ಆ ರೂಢಿಗೆ ಮೂವತ್ತು ವರ್ಷ. ಬೀರೇಶನ ಕೈಗೆ ಮೊದಲು ಪೈಪು ಬಿಗಿಯುವ ಪಾನಾ ಕೊಟ್ಟದ್ದೂ ಅದೇ ರೂಢಿ. ಸರ್ಟಿಫಿಕೇಟ್ ಕೊಡುವ ಸರಕಾರಕ್ಕೆ ಮಾತ್ರ ಅದರ ಸುದ್ದಿ ಮುಟ್ಟಿರಲಿಲ್ಲ.

ಕಲ್ಲು ಕಳಚಿ ಬಿದ್ದು ಪೈಪಿನ ಜಾಯಿಂಟ್ ಕಂಡಿತು. ಅಮಸಿದ್ದಪ್ಪ ಜಾಯಿಂಟಿಗೆ ದಾರ ಸುತ್ತಿ, ಸಫೇದಾ ಎಂಬ ಬಿಳಿ ಲೇಪ ಬಳಿಯುವವನು, ಟೇಪು ಮುಟ್ಟಿದವನೇ ಅಲ್ಲ. ಅಲ್ಲಿದ್ದದ್ದು ಟೇಪು. ಅದೂ ಉಲ್ಟಾ ಸುತ್ತಿ, ಬಿಗಿ ಮಾಡುವಾಗಲೇ ಬಿಚ್ಚಿಕೊಂಡದ್ದು. ಆವತ್ತು ಹುನಗುಂದದ ಬಸ್ಸಿಗೆ ಗಡಿಬಿಡಿ ಮಾಡಿ ತಾನೇ ಸುತ್ತಿದ್ದು ಬೀರೇಶನಿಗೆ ನೆನಪಾಯಿತು.

ಅಕ್ಕೋರು ಬಗ್ಗಿ ನೋಡುವಷ್ಟರಲ್ಲಿ ಅಮಸಿದ್ದಪ್ಪ ಜಾಯಿಂಟನ್ನು ಅಂಗೈಯಿಂದ ಮುಚ್ಚಿದ. ಟೇಪನ್ನು ಕಿತ್ತು ಮುಷ್ಟಿಯೊಳಗೆ ಅಡಗಿಸಿಕೊಂಡ.

“ನಂದ ತಪ್ಪರಿ ಅಕ್ಕೋರ.”

ಜಾಯಿಂಟ್ ಬಿಚ್ಚಿ ದಾರ ಸುತ್ತಿ, ಸಫೇದಾ ಹಚ್ಚಿ, ಪಾನಾ ತಿರುವಿ ನೀರು ಬಿಟ್ಟ. ಒಂದು ತಾಸು ಕಾದರೂ ಒಂದು ಹನಿ ಕಾಣಲಿಲ್ಲ.

ಅಕ್ಕೋರಿಗೆ ಸಮಾಧಾನವಾಯಿತು. “ಮ್ಯಾಲಿನ ಕೆಲಸಾನೂ ನೀನ ಮಾಡು ಬೀರೇಶ. ಆದ್ರ ನಿಮ್ಮ ಕಾಕಾನ್ನ ಕರಕೊಂಡು ಬರಬ್ಯಾಡ.”

ಈಗಲಾದರೂ ಹೇಳಿಬಿಡಬೇಕೆಂದು ಬೀರೇಶ ಬಾಯಿ ತೆರೆದ. ಅಷ್ಟರಲ್ಲಿ ಅಮಸಿದ್ದಪ್ಪನೇ, “ಖರೆ ಐತ್ರಿ. ಅವಾ ಕಲತಾವ, ಚಲೋ ಮಾಡ್ತಾನ್ರಿ,” ಎಂದ.

“ಏನಪಾ, ಒಪ್ಪಿಗಿ ಐತೋ ಇಲ್ಲೋ?” ಅಕ್ಕೋರು ಕೇಳಿದರು.

“ಹೂಂರಿ,” ಎಂದ ಬೀರೇಶ.