ಗೆದ್ದ ಸುದ್ದಿ

ಯುದ್ಧವನ್ನು ಸಾರಿದ ನಾಯಕರೇ ನಿಲ್ಲಿಸಬೇಕು ಎಂಬುದು ಕಾನೂನು. ನಾಯಕರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆದರೆ ಸರ್ಕಾರದವರು ಅವರ ಮನಸ್ಸನ್ನು ಯಂತ್ರವೊಂದರಲ್ಲಿ ಉಳಿಸಿಕೊಂಡಿದ್ದರು. ಸಮುದ್ರದಾಚೆಯ ಯುದ್ಧ ನಡೆದೇ ಇತ್ತು. ದಿನಾ ಬೆಳಿಗ್ಗೆ ಆ ಯಂತ್ರಕ್ಕೆ ರಣರಂಗದ ವರದಿ ಓದಿ, ಅದು ಕೊಡುವ ಆದೇಶವನ್ನು ಬರೆದುಕೊಳ್ಳುವುದು ವಿಮಲಾ ಹಂಚಿನಾಳರ ಕೆಲಸ. ಎಷ್ಟು ಸೋಲುಗಳನ್ನು ಓದಿದರೂ ಬರುತ್ತಿದ್ದ ಉತ್ತರ ಒಂದೇ: "ಇನ್ನಷ್ಟು ಮಂದೀನ ಕಳಸ್ರಿ."

ಸೋಮವಾರ ವಿಮಲಾರ ಮಗಳು ಅಕ್ಷತಾಳಿಗೆ ಸೈನ್ಯ ಸೇರಲು ಕರೆ ಬಂತು. ಮರುದಿನ ವಿಮಲಾ ವರದಿಯನ್ನು ಮಡಚಿಟ್ಟು, ಹದಿನಾಲ್ಕು ವರ್ಷಗಳ ನೌಕರಿಯಲ್ಲಿ ಮೊದಲ ಸಲ ಸುಳ್ಳು ಹೇಳಿದರು.

"ಸಾಹೇಬ್ರ, ನಾವು ಗೆದ್ದೀವ್ರಿ. ವೈರಿಗಳು ಶರಣಾಗ್ಯಾರ."

ಯಂತ್ರದೊಳಗಿಂದ ನಾಯಕರ ದನಿ ನಡುಗುತ್ತ ಕೇಳಿತು.

"ಖರೇನ ಹೇಳಾಕತ್ತೀಯೇನವಾ?"

"ಖರೇನ ರೀ. ಇನ್ನ ನಮ್ಮ ಹುಡುಗೂರನ್ನ ಮನಿಗೆ ಕರಸೂನ್ರಿ."

"ಮನಿಗೆ? ಇಷ್ಟು ಜೀವ ಕೊಟ್ಟು ಗೆದ್ದ ನೆಲಾನ ಯಾರ ಕೈಯಾಗ ಬಿಟ್ಟು ಬರೂದು? ಅದನ್ನ ಕಾಯಾಕ ಈಗಿನಕಿಂತ ಎರಡು ಪಟ್ಟು ಮಂದಿ ಬೇಕು. ಬರಕೋ."

ನಿಜ ಹೇಳಿಬಿಡೋಣವೆಂದು ವಿಮಲಾ ಬಾಯಿ ತೆರೆದರು. ನಿಜಕ್ಕೆ ಬರುವ ಉತ್ತರವನ್ನು ಅವರು ಸಾವಿರಾರು ಸಲ ಬರೆದುಕೊಂಡಿದ್ದರು. ತುಟಿ ಕಚ್ಚಿ, ಯಂತ್ರ ಹೇಳಿದ್ದನ್ನೇ ಬರೆದರು.

ಆದೇಶವನ್ನು ಜಾರಿ ಮಾಡಲು ಬಾಗಿಲಾಚೆ ಕಾದಿದ್ದ ಅಧಿಕಾರಿ ಕಾಗದವನ್ನು ಎರಡು ಸಲ ಓದಿದ.

"ನನಗ ಇಬ್ಬರು ಗಂಡುಮಕ್ಕಳದಾರ ರೀ ಬಾಯಾರ" ಎಂದ.

ಆಮೇಲೆ ಗೋಡೆಗೆ ಕಾಗದ ಒತ್ತಿ ಹಿಡಿದು ಸಹಿ ಹಾಕಿದ.